ಚಳಿಗಾಲ ಕಳೆಯುವವನೇ ನಿವಾಸಿ

ಹೆಮ್ಲಾಕ್ ಫೋರ್ಕ್, ಟೊಲ್ಕಾ ಕೌಂಟಿ
ವಾಷಿಂಗ್ಟನ್ ರಾಜ್ಯ
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ತೌನೋ,

ಹೇಗಿದ್ದೀಯ? ಬಲಗಾಲಿನ ಮಂಡಿ ಹೇಗಿದೆ? ಅಲಾಸ್ಕದ ಥಂಡಿ ಅದಕ್ಕೆ ಒಗ್ಗಿತೋ, ಇಲ್ಲಿ ಮಾಡುತ್ತಿದ್ದ ಹಾಗೆ ಅಲ್ಲಿಯೂ ಮಳೆ ಬರುವ ಮುಂಚೆ ನಿನಗೆ ಹವಾಮಾನ ವರದಿ ಒಪ್ಪಿಸುತ್ತಿದೆಯೋ? ಆ ಹಿಂದಿನ ಹಲ್ಲು ಕೀಳಿಸಿಕೊಂಡೆಯಾ, ಅಥವಾ ಅದೇ ಮರ್ಯಾದೆಯಿಂದ ಬಿದ್ದುಹೋಗಲಿ ಎಂದು ಕಾಯುತ್ತಿದ್ದೀಯಾ? ಉತ್ತರ ಬರೆಯುವಾಗ ದಯವಿಟ್ಟು 'ಎಲ್ಲ ಚೆನ್ನಾಗಿದೆ' ಎಂದು ಬರೆಯಬೇಡ. ಕಳೆದ ಸಲದ ಪೋಸ್ಟ್ ಕಾರ್ಡಿನಲ್ಲಿ ಇದ್ದದ್ದು ಆ ಮಾತು ಮತ್ತು ಒಂದು ಕರಡಿಯ ಚಿತ್ರ. ಎರಡರಲ್ಲಿ ಕರಡಿಯೇ ಹೆಚ್ಚು ವಿಷಯ ತಿಳಿಸುವಂತಿತ್ತು.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀಯ. ಕೇಳಬಹುದಿತ್ತು. ಆದರೆ ಮಾತು ಮನೆಯ ಕಡೆ ಹೊರಳಿದ ಕೂಡಲೇ ನೀನು 'ಸಿಗ್ನಲ್ ಹೋಗ್ತಿದೆ ಆಯ್ಲಿ' ಎಂಬ ಊರಿಗೆ ಓಡಿಹೋಗುತ್ತೀಯ. ಮೀನಿನ ಬಲೆಯ ವಿಷಯ ಹೇಳುವಷ್ಟು ಹೊತ್ತೂ ನಿಷ್ಠೆಯಿಂದ ನಿಂತಿರುವ ಸಿಗ್ನಲ್ಲು ನಿನ್ನ ಅಮ್ಮನ ಹೆಸರೆತ್ತಿದರೆ ಬಿದ್ದುಹೋಗುವುದು ವಿಜ್ಞಾನಿಗಳು ಗಮನಿಸಬೇಕಾದ ಸಂಗತಿ. ಕಾಗದಕ್ಕೆ ಆ ತೊಂದರೆಯಿಲ್ಲ. ಬಂದರಿನ ಕಚೇರಿಯಲ್ಲಿ ಸುಮ್ಮನೆ ಕಾದುಕೊಂಡಿರುತ್ತದೆ. ಅತ್ತೆ ಗಟ್ಟಿಯಾಗಿದ್ದಾರೆ. ಶನಿವಾರದ ಸೌನಾ ಉಗಿಸ್ನಾನ ಒಂದೂ ತಪ್ಪಿಸಿಲ್ಲ. ಬಿಸಿಕಲ್ಲಿಗೆ ನಾನು ನೀರು ಎರೆಯುವುದು ಕಡಿಮೆಯಾದರೆ "ಏನೇ, ನನ್ನನ್ನ ಬೇಯಿಸ್ತಿದ್ದೀಯೋ, ಒಣಗಿಸ್ತಿದ್ದೀಯೋ?" ಎಂದು ಒಳಗಿನಿಂದ ಕೂಗುತ್ತಾರೆ. ಕಿವಿ ಮಾತ್ರ ತಮಗೆ ಬೇಕಾದದ್ದಷ್ಟನ್ನೇ ಕೇಳಿಸಿಕೊಳ್ಳುತ್ತದೆ. ವಂಶದ ಕಿವಿ ಇರಬೇಕು.

ಇನ್ನು ಊರಿನ ಸುದ್ದಿ. ನೀನು ಒಲೆಯ ಮೇಲಿಟ್ಟು ಹೋದ ಹಾಲು ಉಕ್ಕಿದೆ. ನಿನ್ನ ಸನ್ನದು, ಕೌಂಟಿಯ ಆಡಳಿತಕ್ಕೆ ನಾವೇ ಬರೆದುಕೊಂಡ ಆ ಕಟ್ಟಳೆ, ಮುಂದಿನ ತಿಂಗಳ ಚುನಾವಣೆಯಲ್ಲಿ ವೋಟಿಗೆ ಬರುತ್ತಿದೆ. ರಾಜ್ಯ ಸರ್ಕಾರ ಎಲ್ಲ ಕೌಂಟಿಗಳಿಗೂ ಒಂದೇ ಅಳತೆಯಲ್ಲಿ ಹೊಲಿದುಕೊಟ್ಟ ಅಂಗಿಯೇ ಸಾಕೋ, ನಮ್ಮ ಮೈಗೆ ನಾವೇ ಹೊಲಿಸಿಕೊಳ್ಳಬೇಕೋ ಎಂದು ತೀರ್ಮಾನಿಸಲು ಇಡೀ ಕೌಂಟಿ ದರ್ಜಿಯಂಗಡಿಯಾಗಿದೆ. ಹಾಲು ಕರೆಯುವವರು, ಮರ ಕಡಿಯುವವರು, ಕಡಲ ಸಿಂಪಿ ಹೆಕ್ಕುವವರು ಎಲ್ಲರೂ ಸಂವಿಧಾನ ಪಂಡಿತರೇ. ಈಗ ಕೌಂಟಿ ಆಳುವ ಮೂವರು ಕಮಿಷನರುಗಳ ಬದಲು ಐದು ಜನರ ಮಂಡಳಿ, ಅದರಲ್ಲಿ ಒಂದು ಕುರ್ಚಿ ನಮ್ಮ ಹೊಳೆಕಡೆಯವರಿಗೇ ಮೀಸಲು, ಮೇಲೊಬ್ಬ ಸಂಬಳದ ಆಡಳಿತಾಧಿಕಾರಿ ಎಂದು ನಾನು ಚರ್ಚಿನ ಕಾಫಿಯ ಹೊತ್ತಿಗೆ, ಏಲಕ್ಕಿ ಬ್ರೆಡ್ಡು ಹಂಚುತ್ತಾ, ಬಾಯಿಪಾಠ ಒಪ್ಪಿಸಿ ಒಪ್ಪಿಸಿ ಸೋತಿದ್ದೇನೆ. ಸನ್ನದಿನ ಕರಡು ಬರೆಯುವವರನ್ನು ಚುನಾಯಿಸಿದಾಗ ನಡೆದದ್ದು ನೆನಪಿದೆಯಾ? ಅವರಿಗೆ 'ಫ್ರೀಹೋಲ್ಡರ್' ಎಂಬ ಹಳೇ ಕಾಲದ ಹೆಸರು ಇದ್ದದ್ದಕ್ಕೆ, ಅದರ ಅರ್ಥ ಋಣವಿಲ್ಲದ ಜಮೀನುದಾರ ಎಂದು ಯಾರೋ ಹೇಳಿದ್ದಕ್ಕೆ, ಎಲ್ಮರ್ ತನ್ನ ನಾಮಪತ್ರ ವಾಪಸ್ ತೆಗೆದುಕೊಂಡಿದ್ದ. "ಮನೆಸಾಲ ಇನ್ನೂ ಇದೆ ಕಣ್ರಯ್ಯಾ, ನಾನು ಕಾನೂನು ಬರೀತಾ ಕೂತಾಗ ಬ್ಯಾಂಕಿನವರು ಬಂದು ಕುರ್ಚಿ ಸಮೇತ ಎತ್ಕೊಂಡ್ಹೋದ್ರೆ?" ಎಂದಿದ್ದ. ಈಗಲೂ ಚರ್ಚೆಯ ಮಟ್ಟ ಅಲ್ಲಿಂದ ಬಹಳ ಮೇಲೇರಿಲ್ಲ. ರೈತಸಂಘದ ಗ್ರೇಂಜ್ ಸಭಾಂಗಣದಲ್ಲಿ ವರ್ನ್ ಟಾರ್ವಿಕ್ ಎದ್ದು ನಿಂತು, ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದ ಅದೇ ಗಂಟಲಿನಲ್ಲಿ ಕೇಳಿದ: "ಈಗ ಸಿಟ್ಟು ಬಂದ್ರೆ ಕಮಿಷನರ್‌ನ ಕಿರಾಣಿ ಅಂಗಡೀಲಿ ಹಿಡ್ಕೊಂಡು ಬೈತೀನಿ. ನಾಳೆ ಆ ಆಡಳಿತಾಧಿಕಾರಿ ಸಿಯಾಟಲ್‌ನಿಂದ ಬರ್ತಾನೆ. ಅವನು ಆಲೂಗಡ್ಡೇನೂ ಕಂಪ್ಯೂಟರಲ್ಲಿ ತರಿಸ್ಕೊಳ್ಳೋ ಜಾತಿ. ಅವನನ್ನ ಎಲ್ಲಿ ಹಿಡಿದು ಬೈಲಿ?" ಚಪ್ಪಾಳೆ ಬಿತ್ತು. ನ್ಯಾಯವಾಗಿ ಹೇಳಬೇಕೆಂದರೆ ನಾನೂ ಒಂದು ಕೈ ಎತ್ತಿದ್ದೆ, ಆಮೇಲೆ ನಿನ್ನ ನೆನಪಾಗಿ ತಲೆಗೂದಲು ಸರಿಮಾಡಿಕೊಂಡೆ. ನಿನ್ನ ಅಮ್ಮ ಹಿಂದಿನ ಬೆಂಚಿನಿಂದ, "ಮೂರು ಜನ ಸೇರಿ ಒಂದು ಗುಂಡಿ ಮುಚ್ಚಲಿಲ್ಲ. ಐದು ಜನ ಸೇರಿದ್ರೆ ಇನ್ನೆರಡು ತೋಡ್ತಾರೆ" ಎಂದರು. ಸನ್ನದಿನ ಕರ್ತೃವಿನ ಹೆತ್ತ ತಾಯಿಯ ಅಭಿಪ್ರಾಯ ಎಂದು ಅದನ್ನು ಪತ್ರಿಕೆಯವರು ಬರೆದುಕೊಂಡರು.

ಆದರೆ ತೌನೋ, ಈ ಸನ್ನದು ಯಾತಕ್ಕೆ ಹುಟ್ಟಿತು ಎಂಬುದನ್ನು ಯಾರೂ ಎತ್ತುವುದಿಲ್ಲ. ಎತ್ತಬಾರದೆಂಬ ಒಳ್ಳೆಯತನ. ನಾನು ಕೋಣೆಗೆ ಬಂದರೆ 'ಆಂಬುಲೆನ್ಸ್' ಎಂಬ ಪದ ಬಾಯಿಗೆ ಬಂದವರು ಅದನ್ನು ಕಾಫಿಯ ಜೊತೆ ನುಂಗಿಕೊಳ್ಳುತ್ತಾರೆ. ಆ ಬೆಳಗ್ಗೆ ಹೊಳೆದಂಡೆಯ ರಸ್ತೆಯಲ್ಲಿ ನಮ್ಮ ನೀಲೋನ ಗಾಡಿ ಮಗುಚಿದಾಗ, ನಮ್ಮ ಕಡೆಗಿದ್ದ ಆಂಬುಲೆನ್ಸನ್ನು ಕಮಿಷನರುಗಳು ಉಳಿತಾಯದ ಹೆಸರಿನಲ್ಲಿ ಕಡಲಕಡೆಗೆ ಸಾಗಿಸಿ ವರ್ಷವೂ ಆಗಿರಲಿಲ್ಲ. ಅದು ಕೊಲ್ಲಿಯನ್ನು ಸುತ್ತಿ ಬರಬೇಕಿತ್ತು. ಕಾದು ಕಾದು ಕೊನೆಗೆ ವರ್ನ್ ತನ್ನ ಪಿಕಪ್ಪಿನ ಹಿಂಬದಿಯಲ್ಲಿ ಹುಡುಗನನ್ನು ಮಲಗಿಸಿಕೊಂಡು ಹೊರಟ. ಒಂದನೇ ಕ್ಲಾಸಿನಿಂದ ನೀಲೋನನ್ನು ಶಾಲೆಗೆ ಕರೆದುಕೊಂಡು ಹೋದವನೂ ಅವನೇ, ಕೊನೆಗೆ ಕರೆದುಕೊಂಡು ಹೋದವನೂ ಅವನೇ. ಸೇತುವೆಯ ಹತ್ತಿರ ಆಂಬುಲೆನ್ಸ್ ಎದುರಾಯಿತು. ಅಷ್ಟು ಹೊತ್ತಿಗೆ ಅವಸರಕ್ಕೆ ಕಾರಣವೇ ಉಳಿದಿರಲಿಲ್ಲ. ಮುಂದಿನ ಸಭೆಯಲ್ಲಿ ನೀನು ಎದ್ದು ನಿಂತು ಕೇಳಿದ್ದು ಒಂದೇ ಮಾತು: "ನಿಮ್ಮಲ್ಲಿ ನಮ್ಮ ಕಡೆಯವರು ಯಾರು?" ಕಡಲಕಡೆಯ ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ನೀನು ಮನೆಗೆ ಬಂದದ್ದು ಅಪ್ಪನಾಗಿ ಅಲ್ಲ, ಶಾಸನಕರ್ತನಾಗಿ.

ಊಟದ ಮೇಜಿನಲ್ಲಿ ನೀಲೋ ಕೂರುತ್ತಿದ್ದ ಜಾಗದಲ್ಲಿ ಕಾಗದದ ರಾಶಿ ಕೂತಿತು. ನಾನು ಅತ್ತು ಹಗುರಾಗೋಣವೆಂದು ಬಂದಾಗಲೆಲ್ಲ ನೀನು "ಒಂದ್ನಿಮಿಷ ಆಯ್ಲಿ, ಈ ಕಲಮು ಮುಗಿಸಿಬಿಡ್ತೀನಿ" ಎನ್ನುತ್ತಿದ್ದೆ. ಕಲಮುಗಳಿಗೆ ಉಪಕಲಮುಗಳು, ಉಪಕಲಮುಗಳಿಗೆ ಮರಿಗಳು. ನಾನು ಒಲೆಯ ಹತ್ತಿರ ಹೋಗಿ ಈರುಳ್ಳಿ ಹೆಚ್ಚುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಖರ್ಚಾದಷ್ಟು ಈರುಳ್ಳಿ ಈ ಕಣಿವೆಯಲ್ಲಿ ಯಾರೂ ತಿಂದಿರಲಾರರು. ನೀನು ಎಲ್ಲಕ್ಕಿಂತ ಹೆಚ್ಚು ಗುದ್ದಾಡಿದ್ದು ನಿವಾಸಿ ಎಂದರೆ ಯಾರು ಎಂಬ ಕಲಮಿಗಾಗಿ. ಬೇಸಿಗೆಯಲ್ಲಿ ಕಡಲದಂಡೆಯ ಬಂಗಲೆಗೆ ಬಂದು ಗಾಳಿಪಟ ಹಾರಿಸಿ, ಮಳೆ ಶುರುವಾದ ಕೂಡಲೇ ಸಿಯಾಟಲ್‌ಗೆ ಓಡುವ ಜನ ನಮ್ಮ ಮಂಡಳಿಯಲ್ಲಿ ಕೂತು ನಮ್ಮ ರಸ್ತೆ, ನಮ್ಮ ಆಂಬುಲೆನ್ಸ್ ತೀರ್ಮಾನಿಸಬಾರದು ಎಂದು ನೀನೇ ಆ ಸಾಲು ಬರೆದೆ: 'ಕೌಂಟಿಯಲ್ಲಿ ಚಳಿಗಾಲ ಕಳೆಯುವವನೇ ನಿವಾಸಿ.' ವಕೀಲರು ಬೇಡವೆಂದರು, ಅದು ಕಾನೂನಿನ ಭಾಷೆಯಲ್ಲ ಎಂದರು. ನೀನು ಬಿಡಲಿಲ್ಲ. ಹೊಳೆಕಡೆಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕರಡು ಮುಗಿಯಿತು, ಕೌಂಟಿಗೆ ಒಪ್ಪಿಸಿದೆ, ಮೇಜು ಖಾಲಿಯಾಯಿತು. ಖಾಲಿ ಮೇಜಿನೆದುರು ನಾವಿಬ್ಬರೂ ಕೂತು ಉಂಡದ್ದು ಕೆಲವೇ ದಿನ. ಆಮೇಲೆ ನೀನು "ಒಂದು ಸೀಸನ್ನು ಅಷ್ಟೇ" ಎಂದು ದೋಣಿ ಹತ್ತಿದೆ. ಎರಡು ಚಳಿಗಾಲ ಕಳೆದವು, ಮೂರನೆಯದು ಬಾಗಿಲಲ್ಲಿ ನಿಂತು ಕಾಲು ಒರೆಸಿಕೊಳ್ಳುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ವರ್ನ್ ಮನೆಗೆ ಬಂದ. ಟೋಪಿ ಕೈಯಲ್ಲಿತ್ತು, ಕಂಕುಳಲ್ಲಿ ತನ್ನ ತೋಟದ ದೊಡ್ಡ ಕುಂಬಳಕಾಯಿ. ಕುಂಬಳಕಾಯಿ ಹಿಡಿದು ಬರುವವನು ಕ್ಷಮೆ ಕೇಳಲು ಬಂದಿರುತ್ತಾನೆ ಎಂಬುದು ನಮಗೆ ಗೊತ್ತಿರುವುದೇ. "ಆಯ್ಲಿ, ಹಿಂದಿನಿಂದ ಚುಚ್ಚೋದು ನನಗೆ ಬರಲ್ಲ, ಅದಕ್ಕೆ ಎದುರಿಗೇ ಹೇಳೋಕೆ ಬಂದೆ" ಎಂದ. "ತೌನೋನ ಹೆಸರು ವೋಟರ್ ಪಟ್ಟೀಲಿ ಇನ್ನೂ ಇದೆ. ಅವನು ಇಲ್ಲಿ ವಾಸ ಇಲ್ಲ ಅಂತ ಆಕ್ಷೇಪಣೆ ಹಾಕಿದೀನಿ. ನಿನ್ನ ಮೇಲೆ ಏನೂ ಇಲ್ಲ. ನಿಯಮ ಅಂದ್ರೆ ನಿಯಮ. ಬೇಸಿಗೆ ಬಂಗಲೆಯವರ ಮೇಲೂ ಹಾಕಿದೀನಿ, ಬೇಕಾದ್ರೆ ಕೇಳ್ನೋಡು." ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಿಂದಲೇ, "ಬಸ್ಸಲ್ಲಿ ಯಾರು ಹತ್ತಿದ್ರು ಯಾರು ಇಳಿದ್ರು ಅಂತ ಎಣಿಸೋ ಚಟ ಇನ್ನೂ ಹೋಗಿಲ್ಲ ಇವನಿಗೆ" ಎಂದರು. ವರ್ನ್ ನಕ್ಕ. ನಗುವಾಗಲೇ ಅವನ ಕಣ್ಣು ಗೋಡೆಯ ಮೇಲಿನ ನೀಲೋನ ಫೋಟೋಕ್ಕೆ ಹೋಯಿತು, ಟೋಪಿ ಕೆಳಗಿಳಿಯಿತು. ಅವನಿಗೆ ಕಾಫಿ ಕೊಟ್ಟೆ. ಎರಡನೇ ಲೋಟವನ್ನೂ ಕೊಟ್ಟೆ. ವೈರಿಯನ್ನು ಬರಿಗಂಟಲಲ್ಲಿ ಕಳಿಸುವುದು ನಮ್ಮ ಕಡೆಯ ಪದ್ಧತಿಯಲ್ಲ.

ಚುನಾವಣೆ, ಪಟ್ಟಿ ಎಲ್ಲ ನೋಡಿಕೊಳ್ಳುವ ಕೌಂಟಿ ಆಡಿಟರ್ ಲೊರೆಟ್ಟಾ ಸ್ಕಾರ್ ಅವರಿಂದ ವಿಚಾರಣೆಗೆ ಕರೆ ಬಂತು. ನಿನಗೂ ಒಂದು ಪ್ರತಿ ಕಳಿಸಿದ್ದರಂತೆ, ಉತ್ತರ ಬರಲಿಲ್ಲವಂತೆ. ನಾನೂ ಅತ್ತೆಯೂ ಭಾನುವಾರದ ಬಟ್ಟೆ ಹಾಕಿಕೊಂಡು ಕೊಲ್ಲಿ ಸುತ್ತಿ ಕೋರ್ಟುಮನೆಗೆ ಹೋದೆವು. ಸನ್ನದು ಬೇಕೆನ್ನುವವರು ಒಂದು ಕಡೆ, ಬೇಡವೆನ್ನುವವರು ಇನ್ನೊಂದು ಕಡೆ, ಥೇಟ್ ಮದುವೆಯಲ್ಲಿ ಗಂಡಿನವರು ಹೆಣ್ಣಿನವರು ಕೂತ ಹಾಗೆ. ವರ್ನ್ ಎದ್ದು, ನಿನ್ನದೇ ಸನ್ನದಿನ ಪ್ರತಿ ತೆಗೆದು, ಬೆರಳಿಟ್ಟು ಓದಿದ: "ಕೌಂಟಿಯಲ್ಲಿ ಚಳಿಗಾಲ ಕಳೆಯುವವನೇ ನಿವಾಸಿ. ಇದನ್ನ ಬರೆದವನು ನಾನಲ್ಲ, ಮೇಡಂ." ಎರಡೂ ಕಡೆಯವರು ಗೊಳ್ಳೆಂದು ನಕ್ಕರು. ನಕ್ಕ ಮೇಲೆ ನನ್ನ ನೆನಪಾಗಿ ಎರಡೂ ಕಡೆಯವರು ಒಟ್ಟಿಗೇ ನಿಲ್ಲಿಸಿದರು. ಸನ್ನದು ಬಂದ ಮೇಲೆ ಕೌಂಟಿಯಲ್ಲಿ ಒಗ್ಗಟ್ಟು ಮೂಡುತ್ತದೆ ಎಂದು ನೀನು ಬರೆದಿದ್ದೆಯಲ್ಲ, ಅದು ಬರುವ ಮೊದಲೇ ಮೂಡಿದ್ದನ್ನು ಕಣ್ಣಾರೆ ಕಂಡೆ.

ಲೊರೆಟ್ಟಾ ಒಳ್ಳೆಯ ಹೆಂಗಸು. ಕನ್ನಡಕ ಇಳಿಸಿ, "ಅದು ಇನ್ನೂ ಕಾನೂನಾಗಿಲ್ಲ ವರ್ನ್, ನಾನು ಇರೋ ಕಾನೂನನ್ನೇ ನೋಡ್ಬೇಕು" ಎಂದರು. ಇರುವ ಕಾನೂನು ನಿನ್ನಷ್ಟು ಕಟುಕನಲ್ಲ ತೌನೋ. ಸಮುದ್ರದ ಮೇಲೆ ದುಡಿಯುವವನು ಊರಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಊರನ್ನು ಕಳೆದುಕೊಳ್ಳುವುದಿಲ್ಲವಂತೆ, ಮರಳಿ ಬರುವ ಉದ್ದೇಶವಿದ್ದರೆ ಸಾಕಂತೆ. ಆಮೇಲೆ ನನ್ನ ಕಡೆ ತಿರುಗಿ, ಪ್ರಮಾಣ ಮಾಡಿಸಿ, ತೀರಾ ಮೆತ್ತಗೆ ಕೇಳಿದರು: "ಒಂದೇ ಪ್ರಶ್ನೆ, ಆಯ್ಲಿ. ನಿಮ್ಮ ಯಜಮಾನರಿಗೆ ವಾಪಸ್ ಬರೋ ಉದ್ದೇಶ ಇದೆಯಾ?" ಪ್ರಶ್ನೆ ಎಷ್ಟು ಚಿಕ್ಕದು ನೋಡು. 'ಹೌದು' ಎಂದಿದ್ದರೆ ಮುಗಿಯುತ್ತಿತ್ತು, ನಿನ್ನ ಹೆಸರು ಉಳಿಯುತ್ತಿತ್ತು, ನಿನ್ನ ಸನ್ನದಿಗೆ ನಿನ್ನದೇ ಒಂದು ವೋಟು ಬೀಳುತ್ತಿತ್ತು. ನೀನು ಸಾಲ್ಮನ್ ಮೀನಾಗಿದ್ದರೆ ನಾನು ಬೈಬಲಿನ ಮೇಲೆ ಎರಡೂ ಕೈಯಿಟ್ಟು ಹೇಳುತ್ತಿದ್ದೆ: ಬರುತ್ತದೆ, ಹುಟ್ಟಿದ ಹೊಳೆಗೇ ಬರುತ್ತದೆ. ಗಂಡಸರ ವಿಷಯದಲ್ಲಿ ಮೀನುಗಾರಿಕೆ ಇಲಾಖೆ ಅಂಥ ಭರವಸೆ ಕೊಟ್ಟಿಲ್ಲ. ನಿನ್ನ ಉದ್ದೇಶವೇನೆಂದು ನೀನು ನನಗೆ ಯಾವತ್ತು ಹೇಳಿದೆ? ನಾನು ಕೇಳಿದಾಗ ಸಿಗ್ನಲ್ ಹೋಯಿತು. ಬಾಯಿ ತೆರೆದೆ, ಏನೂ ಬರಲಿಲ್ಲ. ಇಷ್ಟು ವರ್ಷ ನಿನ್ನ ಮಾತನ್ನೂ ನಾನೇ ಆಡಿಕೊಂಡು ಬಂದ ಬಾಯಿ ಅದು.

ಆಗ ವರ್ನ್ ಎದ್ದ. "ಲೊರೆಟ್ಟಾ, ಬೇಡ. ನಾನು ಆಕ್ಷೇಪಣೆ ವಾಪಸ್ ತಗೋತೀನಿ. ಒಂದು ವೋಟಲ್ಲಿ ಏನಿದೆ, ಬಿಟ್ಬಿಡಿ ಅವಳನ್ನ." ಅಷ್ಟೇ ಹೇಳಿದ್ದು. ಇಡೀ ಕೋಣೆ ನನ್ನ ಕಡೆ ತಿರುಗಿತು. ನೀಲೋನನ್ನು ಮಣ್ಣು ಮಾಡಿದ ದಿನ ಜನ ನೋಡಿದ್ದರಲ್ಲ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಅದೇ ನೋಟ. ಆವತ್ತು ಆ ನೋಟವನ್ನು ಹೊರಲು ಪಕ್ಕದಲ್ಲಿ ನೀನಿದ್ದೆ. ಈ ಸಲ ಪಕ್ಕದ ಕುರ್ಚಿಯ ಮೇಲೆ ನನ್ನ ಕೈಚೀಲ ಇತ್ತು. ನನಗೆ ಎಲ್ಲಿಂದ ಬಂತೋ ಕಾಣೆ. "ಕೂತ್ಕೋ ವರ್ನ್, ವಾಪಸ್ ತಗೋಬೇಡ" ಎಂದೆ. "ಬರ್ಕೊಳ್ಳಿ ಲೊರೆಟ್ಟಾ. ತೌನೋ ರೌತಿಯೋ ನಮ್ಮನೇಲಿ ವಾಸ ಇಲ್ಲ. ಇದ್ದಿದ್ರೆ ನನಗೆ ಗೊತ್ತಾಗಿರೋದು." ಯಾರೋ ಹಿಂದಿನ ಸಾಲಿನಲ್ಲಿ ನಗಲು ಹೊರಟು ಕೆಮ್ಮಿಗೆ ಬದಲಾಯಿಸಿದರು. ಲೊರೆಟ್ಟಾ ಕನ್ನಡಕ ಮತ್ತೆ ಏರಿಸಿಕೊಂಡು ಪೆನ್ನು ಎತ್ತಿದರು. ಆಮೇಲೆ ಬರೆದರು.

ವಾಪಸ್ ಬರುವಾಗ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಅನ್ನಿಸಿತ್ತು, ಯಾರಾದರೊಬ್ಬರು ಜೋರಾಗಿ ಮಾತಾಡಿದರೆ ಸಾಕಿತ್ತು. ಸೇತುವೆ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನೀನು ನಿಜ ಹೇಳ್ದೆ, ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ನನ್ನನ್ನ ಕೇಳಿದ್ರೆ ನಾನು ಸುಳ್ಳು ಹೇಳ್ತಿದ್ದೆ ಕಣೇ." ಮೊನ್ನೆ ಶುಕ್ರವಾರ ಮತಪತ್ರಗಳು ಅಂಚೆಯಲ್ಲಿ ಬಂದವು. ಅವರದೊಂದು ಲಕೋಟೆ, ನನ್ನದೊಂದು. ಅವರು ಎರಡನ್ನೂ ನನ್ನ ಕೈಗೆ ಕೊಟ್ಟು, ಮತ್ತೆ ಅಂಚೆಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ಹಾಕಿ ಮೂಲೆ ಮೂಲೆ ತಡವಿದರು. ಆಮೇಲೆ ಪೆಟ್ಟಿಗೆಯ ಬಾಗಿಲು ಮುಚ್ಚಿ, "ಜೇಡ ಗೂಡು ಕಟ್ಟಿದೆ, ಗುಡಿಸ್ಬೇಕು" ಎಂದರು.

ಸನ್ನದು ಗೆಲ್ಲುತ್ತದೋ ಸೋಲುತ್ತದೋ ಯಾರಿಗೂ ಗೊತ್ತಿಲ್ಲ. ಕೂದಲೆಳೆಯಷ್ಟು ಅಂತರ ಎನ್ನುತ್ತಾರೆ. ನಾನು ಹೌದು ಎಂದೇ ಗುರುತು ಹಾಕುತ್ತೇನೆ, ಆ ಕುರ್ಚಿ ನಮ್ಮ ಕಡೆಗೆ ಬರಲಿ, ಇನ್ನೊಬ್ಬ ತಾಯಿ ರಸ್ತೆಯ ಪಕ್ಕ ಕೂತು ಕಾಯದಿರಲಿ. ವರ್ನ್ ಬೇಡ ಎಂದೇ ಹಾಕುತ್ತಾನೆ. ನನ್ನ ಅಂಗಳಕ್ಕೆ ಬಂದು ಸೌದೆ ಸೀಳಿಕೊಡುತ್ತಲೇ ಹಾಗಂತ ಹೇಳಿದ. ಆದರೆ ಇಷ್ಟು ಸಭೆಗಳಲ್ಲಿ ಯಾರೂ ಆಡದ ಒಂದು ಮಾತಿದೆ: ಇದು ಗೆದ್ದರೂ ನೀಲೋ ಬರುವುದಿಲ್ಲ. ನನಗೆ ಈಗೀಗ ಅನ್ನಿಸುತ್ತದೆ, ಅದು ನಮ್ಮೆಲ್ಲರಿಗಿಂತ ಮೊದಲು ನಿನಗೆ ಹೊಳೆದಿರಬೇಕು, ಕೊನೆಯ ಕಲಮಿನ ಕೊನೆಯ ಚುಕ್ಕೆ ಇಟ್ಟ ಗಳಿಗೆಯಲ್ಲಿ. ಅದಕ್ಕೇ ಅಷ್ಟು ದೂರ ಹೋದೆ. ಕೋಪವಿಲ್ಲ. ಇದ್ದರೂ ಅದನ್ನು ಈರುಳ್ಳಿಯ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ. ನಿನ್ನ ದುಃಖಕ್ಕೆ ಪೀಠಿಕೆ ಇತ್ತು, ಕಲಮುಗಳಿದ್ದವು, ಸಾರ್ವಜನಿಕ ಸಭೆಗಳಿದ್ದವು. ನನ್ನದು ಹಳೆಯ ಪದ್ಧತಿಯಲ್ಲೇ ನಡೆದುಕೊಂಡು ಬರುತ್ತಿದೆ. ಅದಕ್ಕೆ ಮಂಡಳಿಯೂ ಇಲ್ಲ, ಮಾತಾಡಲು ಇನ್ನೊಬ್ಬ ಸದಸ್ಯನೂ ಇಲ್ಲ. ಆ ಹುಡುಗ ಹೇಗೆ ಸೀನುತ್ತಿದ್ದ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಸರಿಯಾಗಿ ಗೊತ್ತು, ಅದರಲ್ಲಿ ಒಬ್ಬ ಅಲಾಸ್ಕದ ಕೋಡಿಯಾಕ್‌ನಲ್ಲಿ ಮೀನು ಹಿಡಿಯುತ್ತಿದ್ದಾನೆ.

ಉಣ್ಣೆಯ ಕಾಲುಚೀಲ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಅತ್ತೆ ಹೆಣೆದದ್ದು, ಆದ್ದರಿಂದ ಎರಡೂ ಒಂದೇ ಅಳತೆ ಇರುತ್ತವೆ ಎಂದು ಆಸೆ ಇಟ್ಟುಕೊಳ್ಳಬೇಡ. ಹಲ್ಲು ತೋರಿಸು. ದೋಣಿಯ ಮೇಲೆ ಹಗ್ಗ ಬಿಗಿಯುವಾಗ ಕೈಗವಸು ಹಾಕಿಕೋ. ಅಮ್ಮ ನಿನ್ನ ತಲೆ ಸವರಿದ್ದಾರೆ ಎಂದು ಬರೆಯಲು ಹೇಳಿದರು, ಆಮೇಲೆ ಕಿವಿಯನ್ನೂ ಹಿಂಡಿದ್ದಾರೆ ಎಂದು ಸೇರಿಸಲು ಹೇಳಿದರು. ದೇವರು ನಿನ್ನನ್ನು ನೀರಿನ ಮೇಲೆಯೇ ಇಟ್ಟಿರಲಿ.

ಪಟ್ಟಿಯಲ್ಲಿ ಇಲ್ಲದಿದ್ದರೂ ನಿನ್ನವಳು,
ಆಯ್ಲಿ

ಮರೆತಿದ್ದೆ: ಸೋಮವಾರವಾಯಿತು, ಅಂಚೆಯವಳ ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬೇಗ ಬರೆಯುತ್ತೇನೆ. ವಿಚಾರಣೆ ಮುಗಿದು ಎಲ್ಲರೂ ಹೊರಟ ಮೇಲೆ ನಾನು ಲೊರೆಟ್ಟಾ ಅವರ ಕೌಂಟರಿಗೆ ಹಿಂದಿರುಗಿ ಹೋಗಿದ್ದೆ. ತೆಗೆದುಹಾಕಿದ ಹೆಸರನ್ನು ಮತ್ತೆ ಸೇರಿಸಬಹುದಂತೆ, ವೋಟಿನ ದಿನ ಸಂಜೆ ಬಾಗಿಲು ಹಾಕುವವರೆಗೂ. ಆದರೆ ಈಗ ಅಂಚೆಯಲ್ಲಿ ಆಗುವುದಿಲ್ಲ, ಫೋನಿನಲ್ಲೂ ಆಗುವುದಿಲ್ಲ, ಆ ಮನುಷ್ಯನೇ ಬಂದು ನಿಂತು ತನ್ನ ಮನೆ ಯಾವುದೆಂದು ಬರೆದು ಸಹಿ ಹಾಕಬೇಕಂತೆ. ಹೆಂಡತಿ ಬರೆದುಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದೆ. ನಡೆಯುವುದಿಲ್ಲವಂತೆ. ಎರಡು ಸಲ ಕೇಳಿದೆ, ತೌನೋ.